ನಿಮ್ಮ ಎಡಗೈಗೆ ಏನು ಕೆಲಸ? ಮನೆಗೊಂದು ಮಿಡಿ ಕೀಬೋರ್ಡ್ ಆರಿಸುವ ಸೂತ್ರಗಳು

ಮಿಡಿ ಕೀಬೋರ್ಡ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಕೀ ಇದೆ?’, ಆಮೇಲೆ ‘ಎಷ್ಟಾಗುತ್ತೆ?’ ಎರಡೂ ಕೇಳಬೇಕಾದವೇ. ಆದರೆ ಅವಕ್ಕೂ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ನುಡಿಸುವಾಗ ನನ್ನ ಎಡಗೈ ಎಲ್ಲಿರುತ್ತದೆ?

ಪಿಯಾನೊದವರ ಎಡಗೈ ಕೀಗಳ ಮೇಲೆಯೇ ಇರುತ್ತದೆ. ಕೊಳಲು, ವೀಣೆ, ಪಿಟೀಲಿನ ದನಿ ನುಡಿಸುವವರ ಎಡಗೈ ಪಕ್ಕದ ಚಕ್ರದ ಮೇಲಿರುತ್ತದೆ. ಬೀಟ್ ಕಟ್ಟುವವರದು ಪ್ಯಾಡ್‌ಗಳ ಮೇಲೆ, ಆರ್ಗನ್‌ನವರದು ಜಾರುಗುಂಡಿಗಳ ಮೇಲೆ. ಹಾರ್ಮೋನಿಯಂ ರೂಢಿಯಾದವರ ಎಡಗೈ ಇಲ್ಲದ ತಿದಿಯನ್ನು ಹುಡುಕುತ್ತಿರುತ್ತದೆ. ಬಲಗೈಯ ಕೆಲಸ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಯಾವ ಕೀಬೋರ್ಡ್ ಬೇಕು ಎಂಬುದನ್ನು ತೀರ್ಮಾನಿಸುವುದು ಎಡಗೈ.

1. ಪೆಟ್ಟಿಗೆಯಲ್ಲಿ ದನಿ ಇಲ್ಲ ಎಂಬುದು ತಲೆಯಲ್ಲಿರಲಿ

ಬರೀ ಮಿಡಿಗೆಂದೇ ಮಾಡಿದ ಕೀಬೋರ್ಡಿಗೆ ಮಿಡಿ ಕಂಟ್ರೋಲರ್ ಎಂದು ಹೆಸರು. ಅದರಲ್ಲಿ ಸ್ಪೀಕರ್ ಇರುವುದಿಲ್ಲ. ಪಿಯಾನೊ, ತಬಲಾ, ಸಿತಾರ್ ಯಾವುದೂ ಇರುವುದಿಲ್ಲ. ಕೀ ಒತ್ತಿದಾಗ ಅದು ಕಂಪ್ಯೂಟರಿಗೆ ಕಳಿಸುವುದು ಕೆಲವು ಅಂಕಿಗಳನ್ನಷ್ಟೇ. ಯಾವ ಸ್ವರ ಎಂಬುದಕ್ಕೆ 0ರಿಂದ 127ರೊಳಗಿನ ಒಂದು ಸಂಖ್ಯೆ (ಪಿಯಾನೊದ ನಡುವಿನ ‘ಸಿ’ಗೆ 60), ಎಷ್ಟು ಜೋರು ಎಂಬುದಕ್ಕೆ 1ರಿಂದ 127ರೊಳಗಿನ ಇನ್ನೊಂದು, 16 ಚಾನೆಲ್‌ಗಳಲ್ಲಿ ಯಾವುದು ಎಂಬ ಗುರುತು. ದನಿ ಹುಟ್ಟುವುದು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್ ವಾದ್ಯದಲ್ಲಿ.

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಮೇಳದಲ್ಲಿ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು ಕೇಬಲ್ ಹಾಕಿ ಮಾತಾಡಿಸಿದರು. ಅವು ಆಡಿದ ಭಾಷೆಯೇ ಮಿಡಿ. ಮೂಲದಲ್ಲಿ ಅದೇ ಭಾಷೆ ಇವತ್ತೂ ಓಡುತ್ತಿದೆ. ಹಾಗಾಗಿ ಯಾವ ಕಂಪನಿಯ ಕೀಬೋರ್ಡ್ ಬೇಕಾದರೂ ಯಾವ ಸಾಫ್ಟ್‌ವೇರ್ ಜತೆಗೂ ಹೊಂದಿಕೊಳ್ಳುತ್ತದೆ. ಐದು ಪಟ್ಟು ಬೆಲೆಯ ಕಂಟ್ರೋಲರ್ ಹಾಕಿದರೂ ಅದೇ ಪಿಯಾನೊ ಸಾಫ್ಟ್‌ವೇರಿನ ದನಿ ಒಂದಿಷ್ಟೂ ಮೇಲೇರುವುದಿಲ್ಲ. ದುಡ್ಡು ಹೋಗಬೇಕಾದ್ದು ಬೆರಳು ಮುಟ್ಟುವ ಜಾಗಗಳಿಗೆ.

2. ಅಟ್ಟದ ಮೇಲಿರುವ ಕೀಬೋರ್ಡ್ ಇಳಿಸಿ, ಹಿಂದೆ ತಿರುಗಿಸಿ ನೋಡಿ

ಮಕ್ಕಳು ಕ್ಲಾಸಿಗೆ ಹೋಗುತ್ತಿದ್ದಾಗ ತಂದ ಕ್ಯಾಸಿಯೋ ಅಥವಾ ಯಮಾಹಾ ಮನೆಯಲ್ಲಿದೆಯೇ? ಅದರ ಬೆನ್ನಲ್ಲಿ ಪ್ರಿಂಟರಿಗೆ ಇರುವಂಥ ಚೌಕನೆಯ ಯುಎಸ್‌ಬಿ ತೂತು ಇದ್ದು, ಪಕ್ಕದಲ್ಲಿ ‘ಟು ಹೋಸ್ಟ್’ ಎಂದೋ ‘ಮಿಡಿ’ ಎಂದೋ ಬರೆದಿದ್ದರೆ ನಿಮ್ಮಲ್ಲಿ ಆಗಲೇ ಒಂದು ಮಿಡಿ ಕೀಬೋರ್ಡ್ ಇದೆ. ಪ್ರಿಂಟರ್ ಕೇಬಲ್ ಸಾಕು. ತೀರ ಹಳೆಯದಾದರೆ ದುಂಡನೆಯ ಐದು ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಸಣ್ಣದೊಂದು ಯುಎಸ್‌ಬಿ ಅಡಾಪ್ಟರ್ ಬೇಕು.

ಒಂದನ್ನು ಮಾತ್ರ ಪರೀಕ್ಷಿಸಿ: ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ದನಿಯೇ? ಹಾಗಿದ್ದರೆ ಅದಕ್ಕೆ ಟಚ್ ಇಲ್ಲ. ಆರ್ಗನ್‌ಗೆ ನಡೆದೀತು, ಪಿಯಾನೊಗೆ ನಡೆಯದು. ಟಚ್ ಇದ್ದರೆ ಕೆಲವು ತಿಂಗಳು ಅದರಲ್ಲೇ ನುಡಿಸಿ. ಏನು ಸಾಲದು ಎಂಬುದು ಕೈಗೇ ಗೊತ್ತಾಗುತ್ತದೆ. ಆಗ ಅಂಗಡಿಗೆ ಹೋದರೆ ಮಾರುವವರ ಮಾತಿಗೆ ತಲೆಯಾಡಿಸಬೇಕಾಗಿಲ್ಲ.

3. ಕೀಬೋರ್ಡಿಗಿಂತ ಮೊದಲು ವಾದ್ಯ ಆರಿಸಿ

ಸಾಫ್ಟ್‌ವೇರ್ ವಾದ್ಯಗಳಲ್ಲಿ ಬಹಳಷ್ಟು ಒಳ್ಳೆಯವು ಪುಕ್ಕಟೆ ಸಿಗುತ್ತವೆ. ಯಮಾಹಾ ಸಿ5 ಗ್ರ್ಯಾಂಡ್ ಪಿಯಾನೊದ ಸ್ವರಗಳನ್ನು ಧ್ವನಿಮುದ್ರಿಸಿ ಮಾಡಿದ ಸಲಮಾಂಡರ್, ಸಿಂಥ್‌ಗೆ ಸರ್ಜ್ ಎಕ್ಸ್‌ಟಿ, 80ರ ದಶಕದ ಡಿಎಕ್ಸ್7 ಸಿಂಥ್‌ನ ದನಿಗಳಿಗೆ ಡೆಕ್ಸ್‌ಡ್, ವಾದ್ಯವೃಂದಕ್ಕೆ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಡಿಸ್ಕವರ್ ಆವೃತ್ತಿ. ಮ್ಯಾಕ್, ಐಪ್ಯಾಡ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಜತೆಗೇ ಬರುತ್ತದೆ. ವಿಂಡೋಸ್‌ನವರು ಇವನ್ನು ನಡೆಸುವ ರೀಪರ್ ಎಂಬ ತಂತ್ರಾಂಶ ಹಾಕಿಕೊಂಡು 60 ದಿನ ಪರೀಕ್ಷಿಸಬಹುದು. ಈ ವಾದ್ಯಗಳನ್ನು ಮೌಸ್‌ನಲ್ಲೋ, ಅಟ್ಟದಿಂದ ಇಳಿಸಿದ ಕೀಬೋರ್ಡಿನಲ್ಲೋ ನುಡಿಸಿ ನೋಡಿ. ಯಾವ ದನಿಗೆ ನೀವು ಮತ್ತೆ ಮತ್ತೆ ಮರಳುತ್ತೀರಿ ಎಂಬುದನ್ನು ಗಮನಿಸಿ. ‘ಎಲ್ಲವೂ ಬೇಕು’ ಅನ್ನುವವರು ಕೊನೆಗೆ ಯಾವುದಕ್ಕೂ ಒಗ್ಗದ ಕೀಬೋರ್ಡ್ ತರುತ್ತಾರೆ.

4. ಮೂಲ ವಾದ್ಯಕ್ಕೆ ಎಷ್ಟು ಕೀ ಇತ್ತೋ ಎಣಿಸಿ

25, 37, 49, 61, 76, 88: ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳಿವು. ಇವುಗಳಲ್ಲಿ ಯಾವುದು ಎಂಬುದಕ್ಕೆ ಸುಲಭದ ದಾರಿ, ನೀವು ನುಡಿಸಹೊರಟ ವಾದ್ಯದ ಮೈಯಳತೆಯನ್ನೇ ನೋಡುವುದು. ಪಿಯಾನೊಗೆ 88. ರೋಡ್ಸ್ ಎಲೆಕ್ಟ್ರಿಕ್ ಪಿಯಾನೊದ ಜನಪ್ರಿಯ ಮಾದರಿಗೆ 73. ಹ್ಯಾಮಂಡ್ ಆರ್ಗನ್‌ನಲ್ಲಿ 61 ಕೀಗಳ ಎರಡು ಸಾಲು. ಡಿಎಕ್ಸ್7ಗೆ 61, ಮಿನಿಮೂಗ್‌ಗೆ 44. ನಮ್ಮ ಹಾರ್ಮೋನಿಯಂಗಳಲ್ಲಿ ಸಾಧಾರಣವಾಗಿ 39 ಅಥವಾ 42. ಅಂದರೆ ಹಾರ್ಮೋನಿಯಂ, ಮಿನಿಮೂಗ್‌ನಂಥ ಸಿಂಥ್ ಎರಡಕ್ಕೂ 49 ಧಾರಾಳ. ಆರ್ಗನ್‌ಗೆ, ಡಿಎಕ್ಸ್7ಗೆ 61. ಪಿಯಾನೊ ಶಾಸ್ತ್ರೀಯವಾಗಿ ಕಲಿಯುವವರು ಮಾತ್ರ 88ರ ಬಗ್ಗೆ ಹಟ ಹಿಡಿಯಬೇಕು. ಹಾಡಿಗೆ ಕಾರ್ಡ್ ಹಿಡಿಯುವವರಿಗೆ 61 ಬೇಕಾದಷ್ಟು.

ಇಲ್ಲೊಂದು ಒಳಸುಳಿಯಿದೆ. ವಾದ್ಯವೃಂದದ ಸಾಫ್ಟ್‌ವೇರ್‌ಗಳಲ್ಲಿ ಪಿಟೀಲನ್ನು ಎಳೆದು ನುಡಿಸಬೇಕೋ, ಮೀಟಬೇಕೋ, ತುಂಡರಿಸಿ ನುಡಿಸಬೇಕೋ ಎಂಬುದನ್ನು ಕೀಬೋರ್ಡಿನ ಎಡತುದಿಯ ಕೆಲವು ಕೀಗಳಿಂದಲೇ ಬದಲಿಸುತ್ತಾರೆ. ಆ ಕೀಗಳಿಗೆ ಸ್ವರ ಇರುವುದಿಲ್ಲ, ಅವು ಸ್ವಿಚ್ ಮಾತ್ರ. ಪಿಟೀಲಿನ ಸ್ವರವ್ಯಾಪ್ತಿಗೆ ಈ ಸ್ವಿಚ್‌ಗಳೂ ಸೇರಿದರೆ 49 ಇಕ್ಕಟ್ಟಾಗುತ್ತದೆ. ಹಿನ್ನೆಲೆ ಸಂಗೀತ ಮಾಡಬೇಕೆನ್ನುವವರು 61ಕ್ಕೆ ಕಡಿಮೆ ತೆಗೆದುಕೊಳ್ಳಬೇಡಿ.

25 ಕೀಯ ಪುಟಾಣಿಗಳನ್ನು ತಳ್ಳಿಹಾಕುತ್ತಿಲ್ಲ. ಅಕಾಯ್‌ನ ಎಂಪಿಕೆ ಮಿನಿ, ಆರ್ಟೂರಿಯಾದ ಮಿನಿಲ್ಯಾಬ್ ಇವು ಬ್ಯಾಗಿನಲ್ಲಿ ಹಿಡಿಯುತ್ತವೆ, ಬಸ್ಸಿನಲ್ಲಿ ಹೊಳೆದ ರಾಗವನ್ನು ಹಿಡಿದಿಡಲು ಸಾಕು. ಆದರೆ ಎರಡೇ ಸ್ಥಾಯಿ. ಮೇಲಿನ ಷಡ್ಜ ದಾಟಿ ಇನ್ನೊಂದು ಸುತ್ತು ಹೋಗುವಷ್ಟರಲ್ಲಿ ಆಕ್ಟೇವ್ ಗುಂಡಿ ಒತ್ತಬೇಕು. ಕೀಗಳೂ ಕಿರಿದು. ಪೂರ್ಣ ಅಳತೆಯ ಕೀಬೋರ್ಡಿನಲ್ಲಿ ಒಂದು ಸ್ಥಾಯಿ ಸುಮಾರು 16.5 ಸೆಂಟಿಮೀಟರ್ ಅಗಲ. ಕಿರುಗೀಗಳಲ್ಲಿ ಪಳಗಿದ ಬೆರಳು ಅಲ್ಲಿಗೆ ಹೋದಾಗ ಪಕ್ಕದ ಸ್ವರಕ್ಕೆ ಬೀಳುತ್ತದೆ. ಕಲಿಯುತ್ತಿರುವ ಮಗುವಿಗೆ ಇದನ್ನು ಕೊಡಿಸಬೇಡಿ.

5. ಕೀಯ ತೂಕ: ಹೆಚ್ಚು ಹೊತ್ತು ಯೋಚಿಸಬೇಕಾದ್ದು ಇಲ್ಲಿ

ಮೂರು ಬಗೆ. ಸಿಂಥ್ ಆ್ಯಕ್ಷನ್ ಎಂದರೆ ಸ್ಪ್ರಿಂಗ್‌ಗೆ ಕಟ್ಟಿದ ಹಗುರ ಪ್ಲಾಸ್ಟಿಕ್ ಕೀ. ಒತ್ತಿದರೆ ತಟ್ಟನೆ ಮೇಲೇಳುತ್ತದೆ. ಹ್ಯಾಮರ್ ಆ್ಯಕ್ಷನ್‌ನಲ್ಲಿ ಪ್ರತಿ ಕೀಯ ಜತೆಗೂ ಸಣ್ಣ ಸುತ್ತಿಗೆಯಂಥ ತೂಕ ಎದ್ದು ಬೀಳುತ್ತದೆ, ಪಿಯಾನೊದ ಅನುಭವ ಬರುತ್ತದೆ. ಇವೆರಡರ ನಡುವಿನದು ಸೆಮಿ ವೇಟೆಡ್. ಈ ಕೊನೆಯ ಹೆಸರನ್ನು ಕಂಪನಿಗಳು ತಮಗೆ ತೋಚಿದ ಹಾಗೆ ಬಳಸುತ್ತವೆ. ಒಬ್ಬರ ಸೆಮಿ ವೇಟೆಡ್ ಇನ್ನೊಬ್ಬರ ಸಿಂಥ್ ಆ್ಯಕ್ಷನ್‌ಗಿಂತ ಹಗುರವಾಗಿರುವುದೂ ಉಂಟು.

ದುಬಾರಿಯಾದ್ದರಿಂದ ಹ್ಯಾಮರ್ ಎಲ್ಲಕ್ಕಿಂತ ಮೇಲು ಎಂದುಕೊಳ್ಳುವವರು ಬಹಳ. ಹಾಗಿಲ್ಲ. ಹಾರ್ಮೋನಿಯಂ ಕೈಯವರು ಹ್ಯಾಮರ್ ಕೀಗಳ ಮೇಲೆ ದ್ರುತ್ ತಾನ್ ಹೊಡೆಯಲು ಹೋದರೆ ಸ್ವಲ್ಪ ಹೊತ್ತಿಗೇ ಮುಂಗೈ ಸೋಲುತ್ತದೆ. ಆರ್ಗನ್‌ನಲ್ಲಿ ಅಂಗೈಯಿಂದ ಕೀಗಳನ್ನು ಸವರಿಕೊಂಡು ಹೋಗುವ ವರಸೆ ಅದರಲ್ಲಿ ಆಗುವುದೇ ಇಲ್ಲ. ಕೀಗಳಲ್ಲೇ ತಬಲಾ, ಡ್ರಮ್ ನುಡಿಸುವವರಿಗೂ ಹಗುರದ್ದೇ ಹಿತ. ಹ್ಯಾಮರ್ ಬೇಕಾದ್ದು ಎರಡು ಕೈಯಲ್ಲೂ ಪಿಯಾನೊ ನುಡಿಸುವವರಿಗೆ. ಅವರು ಬೇರೆ ಯಾವುದಕ್ಕೂ ಒಪ್ಪಬಾರದು, 88 ಕೀಯ ಹಗುರ ಕೀಬೋರ್ಡ್ ಅಗ್ಗಕ್ಕೆ ಸಿಗುತ್ತದೆಂದು ತರಬಾರದು.

ಪರೀಕ್ಷೆ ಹೇಗೆ? ಕೀಬೋರ್ಡ್ ನಿಮ್ಮ ಬಲವನ್ನು ಅಳೆಯುವುದಿಲ್ಲ, ವೇಗವನ್ನು ಅಳೆಯುತ್ತದೆ. ಕೀಯ ಅಡಿಯಲ್ಲಿ ಮೇಲೊಂದು ಕೆಳಗೊಂದು ಸಂಪರ್ಕಬಿಂದುಗಳಿರುತ್ತವೆ. ಮೊದಲನೆಯದು ಮುಟ್ಟಿದ್ದಕ್ಕೂ ಎರಡನೆಯದು ಮುಟ್ಟಿದ್ದಕ್ಕೂ ನಡುವಿನ ಸಮಯವೇ 1ರಿಂದ 127ರ ಆ ಅಂಕಿಯಾಗುತ್ತದೆ. ಆದ್ದರಿಂದ ಮೊದಲು ಒಂದೇ ಕೀಯನ್ನು ಅತಿ ಮೆಲ್ಲಗೆ, ಕ್ರಮೇಣ ಜೋರಾಗಿ, ಹತ್ತು ಹನ್ನೆರಡು ಸಲ ಒತ್ತಿ. ದನಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಎರಡು ಮೆತ್ತನೆಯ ಸ್ವರಗಳ ಬೆನ್ನಿಗೇ ಕಿವಿಗಡಚಿಕ್ಕುವ ಮೂರನೆಯದು ಬಂದರೆ ಆ ಕೀಬೋರ್ಡ್ ಬೇಡ. ಆಮೇಲೆ ಬೆರಳನ್ನು ಎರಡು ಕಪ್ಪು ಕೀಗಳ ಸಂದಿಗೆ, ಬಿಳಿ ಕೀಯ ಹಿಂತುದಿಗೆ ಒಯ್ದು ಒತ್ತಿ. ಅಗ್ಗದ ಕೀಬೋರ್ಡುಗಳ ಗುಟ್ಟು ಬಯಲಾಗುವುದು ಇಲ್ಲೇ: ಕೀ ಗಿಡ್ಡವಾಗಿದ್ದರೆ ಅಲ್ಲಿ ಕಲ್ಲಿನಂತೆ ಗಟ್ಟಿ. ಕಪ್ಪು ಕೀಗಳು ಹೆಚ್ಚು ಬರುವ ಶ್ರುತಿಗಳಲ್ಲಿ ನಿಮ್ಮ ಹೆಬ್ಬೆರಳು ಸದಾ ಅಲ್ಲೇ ಬೀಳುತ್ತದೆ. ಕೊನೆಗೆ, ಒಂದೇ ಸ್ವರವನ್ನು ಬೆರಳು ಬದಲಿಸುತ್ತ ಬೇಗ ಬೇಗ ಬಾರಿಸಿ, ಒಂದೂ ತಪ್ಪಿಹೋಗಬಾರದು.

ಇನ್ನೊಂದು ವಿಷಯ ಕ್ಯಾಟಲಾಗುಗಳು ದೊಡ್ಡದಾಗಿ ಹೇಳುವುದಿಲ್ಲ. ಎಷ್ಟೋ ಹೆಸರಾಂತ ಬ್ರ್ಯಾಂಡುಗಳು ಕೀಗಳ ಸಾಲನ್ನು ತಾವೇ ಮಾಡುವುದಿಲ್ಲ. ಇಟಲಿಯ ರೆಕಾನಾಟಿ ಎಂಬ ಊರಿನ ಫಟಾರ್ ಕಂಪನಿಯಿಂದ ತರಿಸುತ್ತವೆ. ಸ್ಟುಡಿಯೊಲಾಜಿಕ್ ಅದೇ ಕಂಪನಿಯ ಬ್ರ್ಯಾಂಡ್. ಆರ್ಟೂರಿಯಾದ ಕೀಲ್ಯಾಬ್ 88ರಲ್ಲೂ ಫಟಾರ್ ಕೀಗಳಿವೆ. ಹಾಗಾಗಿ ದುಬಾರಿ ಮಾಡೆಲ್ ನೋಡುವಾಗ ಒಳಗಿನ ಕೀಗಳ ಮಾದರಿಯ ಹೆಸರು ಹುಡುಕಿ. ಬೆಲೆ ಬೇರೆಯಾದರೂ ಕೀ ಒಂದೇ ಇರಬಹುದು, ಮೇಲಿನ ಗುಂಡಿಗಳಿಗಷ್ಟೇ ನೀವು ಹೆಚ್ಚು ಕೊಡುತ್ತಿರಬಹುದು.

ಮನೆಗೆ ತಂದ ಮೇಲೆ ದನಿ ತೀರ ಮೆತ್ತಗೆ ಅಥವಾ ತೀರ ಬಿರುಸು ಅನ್ನಿಸಿದರೆ ವಾಪಸ್ ಮಾಡುವ ಮೊದಲು ವೆಲಾಸಿಟಿ ಕರ್ವ್ (ಎಷ್ಟು ವೇಗಕ್ಕೆ ಎಷ್ಟು ಜೋರು ಎಂಬ ಹೊಂದಾಣಿಕೆ) ಬದಲಿಸಿ ನೋಡಿ. ಹೆಚ್ಚಿನ ಕಂಟ್ರೋಲರ್‌ಗಳಲ್ಲಿ ಮೂರು ನಾಲ್ಕು ಕರ್ವ್‌ಗಳಿರುತ್ತವೆ.

6. ಗಮಕ ಬೇಕೇ? ಹಾಗಾದರೆ ಚಕ್ರ ಮುಖ್ಯ

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಸ್ವರದಿಂದ ಸ್ವರಕ್ಕೆ ಜಾರಲು ಬಾರದು, ನಮ್ಮ ಶ್ರುತಿಸೂಕ್ಷ್ಮ ಅದಕ್ಕೆ ನಿಲುಕದು ಎಂಬುದು ಆಗಿನ ಮುಖ್ಯ ಆಕ್ಷೇಪ. ಮಿಡಿ ಕೀಬೋರ್ಡಿನ ಎಡತುದಿಯಲ್ಲಿರುವ ಪಿಚ್ ಚಕ್ರ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಸ್ವರದ ಜೋರಿಗೆ 127 ಮೆಟ್ಟಿಲಾದರೆ ಈ ಚಕ್ರಕ್ಕೆ 16,384 ಮೆಟ್ಟಿಲು. ಜಾರುವಾಗ ಕಿವಿಗೆ ಮೆಟ್ಟಿಲು ಕಾಣುವುದಿಲ್ಲ. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತದ ಪೂರ್ಣ ಕಛೇರಿ ನಡೆಸುವವರು. ಅವರು ನುಡಿಸುವುದನ್ನು ಒಮ್ಮೆ ನೋಡಿ, ಬಲಗೈಯನ್ನಲ್ಲ, ಎಡಗೈಯನ್ನು.

ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಚಕ್ರವನ್ನು ಪೂರ್ತಿ ತಳ್ಳಿದರೆ ಸ್ವರ ಎರಡು ಸೆಮಿಟೋನ್ ಏರುತ್ತದೆ, ಅಂದರೆ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ. ಕಂಪಿತಕ್ಕೆ, ಸಣ್ಣ ಜಾರುವಿಕೆಗೆ ಇದು ಹದವಾದ ಅಳತೆ. ಸಿತಾರಿನ ಉದ್ದ ಮೀಂಡ್ ಬೇಕಾದರೆ ಸಾಫ್ಟ್‌ವೇರಿನಲ್ಲಿ ಇದನ್ನು ಐದಕ್ಕೋ ಹನ್ನೆರಡಕ್ಕೋ ಏರಿಸಬಹುದು. ಆದರೆ ಹನ್ನೆರಡಕ್ಕೆ ಇಟ್ಟಾಗ ಬೆರಳು ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ನನ್ನ ಸಲಹೆ: ಎರಡರಿಂದಲೇ ಶುರುಮಾಡಿ, ಕೈ ಪಳಗಿದ ಮೇಲೆ ಏರಿಸಿ.

ಚಕ್ರಕ್ಕೆ ಬದಲು ಕೆಲವು ಪುಟ್ಟ ಕಂಟ್ರೋಲರ್‌ಗಳಲ್ಲಿ ಜಾಯ್‌ಸ್ಟಿಕ್ ಇರುತ್ತದೆ, ಕೆಲವಲ್ಲಿ ಬೆರಳು ಸವರುವ ಪಟ್ಟಿ. ಜಾಯ್‌ಸ್ಟಿಕ್‌ನಲ್ಲಿ ಅಡ್ಡ ಎಳೆದರೆ ಶ್ರುತಿ, ಉದ್ದ ತಳ್ಳಿದರೆ ಇನ್ನೊಂದು ಪರಿಣಾಮ. ಗಮಕದ ಭರದಲ್ಲಿ ಬೆರಳು ಓರೆಯಾದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಪಟ್ಟಿಯಿಂದ ಬೆರಳೆತ್ತಿದ ಕೂಡಲೇ ಸ್ವರ ಮೂಲಸ್ಥಾನಕ್ಕೆ ಹಾರುತ್ತದೆ. ಕರ್ನಾಟಕವೋ ಹಿಂದೂಸ್ತಾನಿಯೋ ನುಡಿಸುವವರು ಸ್ಪ್ರಿಂಗ್ ಇರುವ ಒಳ್ಳೆಯ ಚಕ್ರ ಬಿಟ್ಟು ಬೇರೆ ತೆಗೆದುಕೊಳ್ಳಬಾರದು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಚಕ್ರ ಕೀಗಳ ಎಡಕ್ಕಿರಲಿ. ಜಾಗ ಉಳಿಸಲು ಮೇಲಂಚಿಗೆ ಸಾಗಿಸಿದ ಮಾದರಿಗಳಲ್ಲಿ ಮಣಿಕಟ್ಟು ತಿರುಚಿಕೊಂಡೇ ನುಡಿಸಬೇಕಾಗುತ್ತದೆ.

ಎಂಪಿಇ ಎಂಬ ಹೊಸ ಪದ್ಧತಿಯೂ ಇದೆ. ಅದು ಅಧಿಕೃತ ಮಾನದಂಡವಾದದ್ದು 2018ರಲ್ಲಿ. ಇದರಲ್ಲಿ ಪ್ರತಿ ಬೆರಳಿನ ಸ್ವರವನ್ನೂ ಬೇರೆ ಬೇರೆಯಾಗಿ ಬಾಗಿಸಬಹುದು. ರೋಲಿ ಸೀಬೋರ್ಡ್‌ನ ಮೆತ್ತನೆಯ ಮೈ, ಪಕ್ಕಕ್ಕೂ ಅಲುಗುವ ಆಸ್ಮೋಸ್‌ನ ಕೀಗಳು ಈ ಜಾತಿಯವು. ‘ದೆಹಲಿ-6’ (2009) ಚಿತ್ರದ ‘ರೆಹನಾ ತೂ’ ಹಾಡಿನ ಕೊನೆಗೆ ಎ.ಆರ್. ರೆಹಮಾನ್ ನುಡಿಸಿರುವ ಕಂಟಿನ್ಯುಯಂ ಎಂಬ ವಾದ್ಯ ಕೇಳಿದರೆ ಕೀಗಳ ಗೆರೆ ಅಳಿಸಿದಾಗ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಬೆಲೆ ಮಾತ್ರ ಜೇಬಿಗೆ ಭಾರ. ಮೊದಲ ಕೀಬೋರ್ಡಿಗೆ ಇಷ್ಟು ದೂರ ಹೋಗಬೇಡಿ.

7. ಹಾರ್ಮೋನಿಯಂನವರೇ, ನಿಮಗೊಂದು ಬೇರೆ ಲೆಕ್ಕ

ಧಾರವಾಡ, ಹುಬ್ಬಳ್ಳಿ ಕಡೆ ಹಾರ್ಮೋನಿಯಂ ಸಾಥ್ ಮಾಡುತ್ತ ಬಂದವರು, ಭಜನಾ ಮಂಡಳಿಯವರು ಮಿಡಿಗೆ ಬಂದಾಗ ಎಡವುವುದು ಒಂದೇ ಕಡೆ. ಹಾರ್ಮೋನಿಯಂನಲ್ಲಿ ಕೀಯನ್ನು ಹೇಗೆ ಒತ್ತಿದರೂ ಒಂದೇ; ದನಿಯ ಏರಿಳಿತ ಇರುವುದೆಲ್ಲ ತಿದಿಯ ಗಾಳಿಯಲ್ಲಿ, ಎಡಗೈಯಲ್ಲಿ. ಮಿಡಿಯಲ್ಲಿ ಆ ಎಡಗೈ ಸುಮ್ಮನೆ ಕೂತುಬಿಟ್ಟರೆ ಸಂಗೀತ ಮಟ್ಟಸವಾಗಿ, ಜೀವವಿಲ್ಲದೆ ಕೇಳುತ್ತದೆ.

ಪರಿಹಾರ ಕೀಬೋರ್ಡಿನಲ್ಲೇ ಇದೆ. ಪಿಚ್ ಚಕ್ರದ ಪಕ್ಕದ ಮಾಡ್ಯುಲೇಶನ್ ಚಕ್ರಕ್ಕೆ ಸ್ಪ್ರಿಂಗ್ ಇರುವುದಿಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ಅದನ್ನೋ, ಒಂದು ಜಾರುಗುಂಡಿಯನ್ನೋ 11ನೇ ನಂಬರಿನ ಎಕ್ಸ್‌ಪ್ರೆಶನ್ ಸಂದೇಶಕ್ಕೆ ಜೋಡಿಸಿ, ಹಾಡಿನುದ್ದಕ್ಕೂ ತಿದಿ ಎಳೆದ ಹಾಗೆ ಏರಿಸುತ್ತ ಇಳಿಸುತ್ತ ನುಡಿಸಿ. ಮೊದಲ ದಿನವೇ ವ್ಯತ್ಯಾಸ ಕೇಳುತ್ತದೆ. ಕೊಳಲು, ಪಿಟೀಲು, ಕೋರಸ್ ದನಿಗಳಿಗೂ ಇದೇ ಉಪಾಯ; ಪಾಶ್ಚಾತ್ಯ ವಾದ್ಯವೃಂದದ ಸಾಫ್ಟ್‌ವೇರ್‌ಗಳಲ್ಲಿ ಮಾಡ್ಯುಲೇಶನ್ ಚಕ್ರ ಮೇಲೇರಿದಂತೆ ಮೆಲ್ಲಗೆ ನುಡಿಸಿದ ಧ್ವನಿಮುದ್ರಿಕೆಯಿಂದ ಜೋರಾಗಿ ನುಡಿಸಿದ್ದಕ್ಕೆ ಸರಿಯುತ್ತ ಹೋಗುತ್ತದೆ. ತಿದಿ ಹಿಡಿದ ಕೈಗೆ ಇದು ಹೊಸದೇನಲ್ಲ. ಪಿಯಾನೊದಿಂದ ಬಂದವರೇ ಇದನ್ನು ಕಷ್ಟಪಟ್ಟು ಕಲಿಯಬೇಕಾಗುತ್ತದೆ.

ಹಾಗಾಗಿ ಹಾರ್ಮೋನಿಯಂನವರ ಪಟ್ಟಿ ಹೀಗೆ: 49 ಕೀ, ಹಗುರ, ಪೂರ್ಣ ಅಳತೆ, ಎರಡು ಚಕ್ರ, ಒಂದಾದರೂ ಜಾರುಗುಂಡಿ. ಚಕ್ಕಳಮಕ್ಕಳ ಹಾಕಿ ಕೂತೇ ನುಡಿಸುವವರಾದರೆ ತೂಕ ಕಡಿಮೆ ಇರುವುದನ್ನೇ ನೋಡಿ, ಎತ್ತರದ ಮಣೆಯ ಮೇಲಿಟ್ಟುಕೊಳ್ಳಬಹುದು.

8. ಟ್ರಾನ್ಸ್‌ಪೋಸ್ ಗುಂಡಿ ಕೈಗೆಟುಕುವಲ್ಲಿರಲಿ

ಹಾಡುವವರು ಕಪ್ಪು ನಾಲ್ಕು ಅಂದರು, ನಿಮಗೆ ಬರುವುದು ಬಿಳಿ ಒಂದರಲ್ಲಿ. ಟ್ರಾನ್ಸ್‌ಪೋಸ್ ಬದಲಿಸಿದರೆ ನೀವು ಬಿಳಿ ಒಂದರಲ್ಲಿ ನುಡಿಸಿದ್ದೇ ಕಪ್ಪು ನಾಲ್ಕರಲ್ಲಿ ಕೇಳುತ್ತದೆ. ಅದನ್ನು ಮೆನು ಒಳಗೆ ಹೊಕ್ಕು ಹುಡುಕುವಂತಿದ್ದರೆ ತಾಳ್ಮೆ ಕೆಡುತ್ತದೆ. ಪ್ರತ್ಯೇಕ ಗುಂಡಿ ಇರುವುದನ್ನು ಆರಿಸಿ.

9. ಪೆಡಲ್ ತೂತು ಎಣಿಸಿ

ಸಸ್ಟೇನ್ ಪೆಡಲ್ ಇಲ್ಲದ ಪಿಯಾನೊ ಅರ್ಧ ಪಿಯಾನೊ. ತೀರ ಚಿಕ್ಕ ಕೆಲವು ಕಂಟ್ರೋಲರ್‌ಗಳಲ್ಲಿ ಪೆಡಲ್ ಸಿಕ್ಕಿಸುವ 6.35 ಮಿಲಿಮೀಟರಿನ ಜಾಕ್ ಇರುವುದೇ ಇಲ್ಲ. ಕೊಳ್ಳುವ ಮೊದಲು ಹಿಂಬದಿ ನೋಡಿ. ಎರಡು ಜಾಕ್ ಇದ್ದರೆ ಎರಡನೆಯದಕ್ಕೆ ಎಕ್ಸ್‌ಪ್ರೆಶನ್ ಪೆಡಲ್ ಹಾಕಬಹುದು. ಆಗ ತಿದಿಯ ಕೆಲಸ ಕಾಲಿಗೆ ಹೋಗಿ, ಎಡಗೈ ಗಮಕಕ್ಕೆ ಬಿಡುವಾಗುತ್ತದೆ.

ಹೊಸ ಪೆಡಲ್ ಹಾಕಿದ ಕೂಡಲೇ ಕಾಲಿಟ್ಟರೆ ದನಿ ನಿಲ್ಲುತ್ತದೆ, ತೆಗೆದರೆ ಗುಂಯ್‌ಗುಡುತ್ತದೆ ಎಂಬ ದೂರು ಸಾಮಾನ್ಯ. ಪೆಡಲ್ ಕೆಟ್ಟಿಲ್ಲ. ಕಂಪನಿಯಿಂದ ಕಂಪನಿಗೆ ಪೆಡಲಿನ ಸ್ವಿಚ್ ಉಲ್ಟಾ ಇರುತ್ತದೆ. ಕೀಬೋರ್ಡ್ ಆಫ್ ಮಾಡಿ, ಪೆಡಲ್ ಸಿಕ್ಕಿಸಿ, ಅದರ ಮೇಲೆ ಕಾಲಿಡದೆ ಮತ್ತೆ ಆನ್ ಮಾಡಿ. ಹೆಚ್ಚಿನವು ತಾವೇ ಸರಿಮಾಡಿಕೊಳ್ಳುತ್ತವೆ.

10. ಗುಂಡಿಗಳಿಗೆ ಮರುಳಾಗಬೇಡಿ

ಬಣ್ಣದ ಪ್ಯಾಡ್, ಎಂಟು ನಾಬ್, ಒಂಬತ್ತು ಫೇಡರ್ (ಜಾರುಗುಂಡಿ), ಮಿನುಗುವ ಪರದೆ. ಜಾಹೀರಾತಿನ ಫೋಟೊ ಚೆಂದ ಕಾಣುವುದು ಇವುಗಳಿಂದಲೇ. ನುಡಿಸುವಾಗ ಇವುಗಳಲ್ಲಿ ಮುಕ್ಕಾಲು ಪಾಲು ಯಾರೂ ಮುಟ್ಟುವುದಿಲ್ಲ. ಕೆಲವು ವಿನಾಯಿತಿ: ಹ್ಯಾಮಂಡ್ ಆರ್ಗನ್‌ನ ದನಿ ಕಟ್ಟುವುದು ಒಂಬತ್ತು ಡ್ರಾಬಾರ್‌ಗಳಿಂದ, ಹಾಗಾಗಿ ಆರ್ಗನ್‌ನವರಿಗೆ ಒಂಬತ್ತು ಫೇಡರ್ ನಿಜಕ್ಕೂ ಬೇಕು. ಬೀಟ್ ಕಟ್ಟುವವರಿಗೆ ಪ್ಯಾಡ್ ಬೇಕು. ಏಬಲ್‌ಟನ್ ಲೈವ್ ಬಳಸುವವರಿಗೆ ನೋವೇಶನ್‌ನ ಲಾಂಚ್‌ಕೀ, ಎಫ್‌ಎಲ್ ಸ್ಟುಡಿಯೊದವರಿಗೆ ಅದೇ ಕಂಪನಿಯ ಎಫ್‌ಎಲ್‌ಕೀ ಸಲೀಸಾಗಿ ಹೊಂದುತ್ತವೆ. ಇವರಲ್ಲಿ ನೀವಿಲ್ಲದಿದ್ದರೆ, ಎಂ-ಆಡಿಯೊ ಕೀಸ್ಟೇಶನ್‌ನಂಥ ಬೋಳು ಕೀಬೋರ್ಡ್ ಸಾಕು: ಕೀ, ಎರಡು ಚಕ್ರ, ಒಂದು ಸ್ಲೈಡರ್, ಕೆಲವೇ ಗುಂಡಿ.

11. ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ಅಂತರ

ಹೊಸ ಕೀಬೋರ್ಡ್ ಬಂತು, ಕೀ ಒತ್ತಿದ ಮೇಲೆ ಒಂದರೆಗಳಿಗೆ ಬಿಟ್ಟು ದನಿ ಬರುತ್ತಿದೆ. ಕೀಬೋರ್ಡನ್ನು ಬೈಯಬೇಡಿ, ತಡವಾಗುತ್ತಿರುವುದು ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ದನಿಯನ್ನು ಕಂತು ಕಂತಾಗಿ ತಯಾರಿಸುತ್ತದೆ. ಆ ಕಂತಿನ ಗಾತ್ರಕ್ಕೆ ಬಫರ್ ಎಂದು ಹೆಸರು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಲೆಕ್ಕದಲ್ಲಿ 128ರ ಬಫರ್ ಎಂದರೆ ಸುಮಾರು 3 ಮಿಲಿಸೆಕೆಂಡ್, 512 ಎಂದರೆ ಸುಮಾರು 12, 1024 ಎಂದರೆ 23. ಇದರ ಮೇಲೆ ಇತರ ವಿಳಂಬಗಳೂ ಸೇರುತ್ತವೆ. ಗಾಳಿಯಲ್ಲಿ ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹತ್ತು ಮಿಲಿಸೆಕೆಂಡ್ ತಡ ಅಂದರೆ ವಾದ್ಯ ನಿಮ್ಮಿಂದ ಸುಮಾರು ಮೂರೂವರೆ ಮೀಟರ್ ಆಚೆ ಇದ್ದಂತೆ. ಅಷ್ಟನ್ನು ಕೈ ಸಹಿಸುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಲಯ ಜಾರುತ್ತದೆ.

ವಿಂಡೋಸ್‌ನಲ್ಲಿ ಎಎಸ್‌ಐಒ ಡ್ರೈವರ್ ಹಾಕಿ. ಪುಕ್ಕಟೆಯ ಎಎಸ್‌ಐಒ4ಆಲ್ ಇಂದ ಶುರುಮಾಡಬಹುದು, ಮುಂದೆ ಆಡಿಯೊ ಇಂಟರ್‌ಫೇಸ್ ತಂದರೆ ಅದರದೇ ಡ್ರೈವರ್ ಬರುತ್ತದೆ. ಬಫರನ್ನು 128ಕ್ಕೆ ಇಳಿಸಿ. ಪಟಪಟ ಸದ್ದು ಬಂದರೆ 256. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಎಷ್ಟೇ ಒಳ್ಳೆಯದಾಗಿರಲಿ. ತಂತಿಯದೇ ಹಾಕಿ.

ಹಳೆ ಲ್ಯಾಪ್‌ಟಾಪ್ ಇದ್ದವರಿಗೊಂದು ಮಾತು: ಧ್ವನಿಮುದ್ರಿಸಿದ ಪಿಯಾನೊಗಳು ಗಿಗಾಬೈಟ್‌ಗಟ್ಟಲೆ ತೂಗುತ್ತವೆ. ಪಿಯಾನೊಟೆಕ್ ಮಾತ್ರ ತಂತಿ, ಹಲಗೆ, ಸುತ್ತಿಗೆಗಳ ವರ್ತನೆಯನ್ನು ಲೆಕ್ಕ ಹಾಕಿ ದನಿ ಹುಟ್ಟಿಸುವುದರಿಂದ ಬಹಳ ಕಡಿಮೆ ಜಾಗ ಕೇಳುತ್ತದೆ. ದುಡ್ಡು ಕೊಡಬೇಕಾದರೂ ಹೊಸ ಕಂಪ್ಯೂಟರಿಗಿಂತ ಅಗ್ಗ.

12. ಟೇಪು ಹಿಡಿದು ಮೇಜು ಅಳೆಯಿರಿ

88 ಕೀಗಳ ಸಾಲೊಂದೇ 122 ಸೆಂಟಿಮೀಟರ್, ಮೇಲೆ ಚಕ್ರ, ಅಂಚುಗಳು. 61ರದ್ದು 85ರ ಹತ್ತಿರ. ಮೇಜಿನ ಮೇಲಿಟ್ಟಾಗ ಮೊಣಕೈ ಕೀಗಳ ಮಟ್ಟಕ್ಕೇ ಬರಬೇಕು. ಊಟದ ಮೇಜಿನ ಮೇಲೆ ಹ್ಯಾಮರ್ ಕೀಬೋರ್ಡ್ ಇಟ್ಟರೆ ಭುಜ ಎತ್ತಿಕೊಂಡೇ ನುಡಿಸಬೇಕಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಹ್ಯಾಮರ್ ಕೀ ನುಡಿಸಬೇಡಿ: ಸ್ಟ್ಯಾಂಡಿನ ಕಾಲುಗಳಿಂದ ಇಳಿಯುವ ದಬದಬ ಕೆಳಗಿನ ಮನೆಯ ಚಾವಣಿಗೆ ಹೋಗುತ್ತದೆ. ಅಡಿಯಲ್ಲಿ ದಪ್ಪ ಜಮಖಾನೆ ಹಾಸಿದರೆ ಎಷ್ಟೋ ಕಡಿಮೆಯಾಗುತ್ತದೆ.

13. ಅಂಗಡಿಗೆ ನಿಮ್ಮದೇ ಫೋನ್, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ

ಕಂಟ್ರೋಲರ್‌ಗಳನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯಲ್ಲೇ ಇಟ್ಟಿರುತ್ತಾರೆ, ಇಲ್ಲವೇ ತಂತಿ ಸಿಕ್ಕಿಸದೆ ಸಾಲಾಗಿ. ದನಿಯಿಲ್ಲದೆ ಕೀ ಒತ್ತಿ ನೋಡುವುದರಿಂದ ಪ್ರಯೋಜನ ಕಡಿಮೆ. ಫೋನಿಗೆ ಓಟಿಜಿ ಅಡಾಪ್ಟರ್ ಹಾಕಿ, ಒಂದು ಪಿಯಾನೊ ಆ್ಯಪ್ ಇಳಿಸಿಕೊಂಡು ಹೋಗಿ. ಇತ್ತೀಚಿನ ಹೆಚ್ಚಿನ ಕಂಟ್ರೋಲರ್‌ಗಳು ಡ್ರೈವರ್ ಇಲ್ಲದೆಯೇ ಫೋನಿಗೆ ಹೊಂದಿಕೊಳ್ಳುತ್ತವೆ. ದೊಡ್ಡವು ಫೋನ್ ಕೊಡುವ ಕರೆಂಟ್ ಸಾಲದೆ ಸುಮ್ಮನಿರಬಹುದು, ಅದಕ್ಕೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬೇಕು. “ಅಣ್ಣಾ, ಒಂದ್ನಿಮಿಷ ನನ್ ಮೊಬೈಲಿಗೆ ಹಾಕಿ ನೋಡ್ಲಾ?” ಎಂದು ಕೇಳಿ. “ನೋಡಿ ಸಾರ್, ಅದಕ್ಕೇನಂತೆ” ಎನ್ನುವ ಅಂಗಡಿಯಲ್ಲೇ ಕೊಂಡುಕೊಳ್ಳಿ.

14. ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ಕೀಯನ್ನೂ ಮುಟ್ಟಿ

ಚೆನ್ನಾಗಿ ನೋಡಿ ತಂದರೆ ಹಳೆಯದು ಒಳ್ಳೆಯ ವ್ಯಾಪಾರವೇ, ಏಕೆಂದರೆ ಇದರಲ್ಲಿ ಹಳತಾಗುವ ದನಿ ಯಾವುದೂ ಇಲ್ಲ. ಕೆಡುವುದು ಕೀ ಕೆಳಗಿನ ರಬ್ಬರ್ ಸಂಪರ್ಕಗಳು. ದೂಳು ಕೂತಾಗ, ಮಂಗಳೂರು ಉಡುಪಿಯಂಥ ಕಡೆ ತೇವ ಹತ್ತಿದಾಗ, ಕೀ ಒಂದೋ ಮೂಕಾಗುತ್ತದೆ, ಇಲ್ಲವೇ ಎಷ್ಟು ಮೆತ್ತಗೆ ಒತ್ತಿದರೂ 127 ಎಂದು ಅರಚುತ್ತದೆ. ಲ್ಯಾಪ್‌ಟಾಪಿನಲ್ಲಿ ಮಿಡಿ ಮಾನಿಟರ್ ತಂತ್ರಾಂಶ ತೆರೆದು ಎಡದ ತುದಿಯಿಂದ ಬಲದ ತುದಿಯವರೆಗೆ ಒಂದೊಂದೇ ಕೀಯನ್ನು ಒಂದೇ ಹದದಲ್ಲಿ ಒತ್ತುತ್ತ ಹೋಗಿ, ಅಂಕಿಗಳನ್ನು ನೋಡಿ. ಒಂದೆರಡು ಕೀ ಹೀಗಿದ್ದರೆ ಬಿಚ್ಚಿ ಶುಚಿಮಾಡಿಸಬಹುದು. ಅದನ್ನು ತೋರಿಸಿ ಬೆಲೆ ಇಳಿಸಿ. ಆಮೇಲೆ ಪಿಚ್ ಚಕ್ರವನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಿಡಿ, ಪೂರ್ತಿ ಕೆಳಕ್ಕೆ ಎಳೆದು ಬಿಡಿ. ಪ್ರತಿ ಸಲವೂ ಅಂಕಿ ಅದೇ ನಡುಬಿಂದುವಿಗೆ ಮರಳಬೇಕು. ಒಮ್ಮೆ ಒಂದು ಕಡೆ, ಇನ್ನೊಮ್ಮೆ ಇನ್ನೊಂದು ಕಡೆ ನಿಂತರೆ ಎಷ್ಟು ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ. ನೀವು ಹಿಡಿದ ಷಡ್ಜವೇ ಅದರಲ್ಲಿ ನಿಲ್ಲುವುದಿಲ್ಲ.